ಕರೆಂಟ್ ಹೋಗಿ 14 ವರ್ಷ, ಜಾಗ ಪಾವಗಡದ ಸೋಲಾರ್ ಪಾರ್ಕ್: ಮಕ್ಕಳ ಕಾದಂಬರಿಯಲ್ಲಿ ತಪ್ಪು ಹುಡುಕಿಕೊಡಿ

ಬಯಲುದಾರಿ

11ರಿಂದ 15 ವಯಸ್ಸಿನವರಿಗಾಗಿ ಒಂದು ಕಾದಂಬರಿ ತಯಾರಾಗ್ತಿದೆ. ಪ್ರಪಂಚ ಮುಗಿದ ಮೇಲಿನ ಕಥೆ. ಜಾಗ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ, 13,000 ಎಕರೆಯ ಸೋಲಾರ್ ಪಾರ್ಕ್ ಒಳಗೆ. ಕರೆಂಟ್ ಹೋಗಿ 14 ವರ್ಷ ಆಗಿದೆ, ಹುಡುಗನಿಗೆ 13. ಸದ್ಯದ ಹಂದರ ಹೀಗಿದೆ: ಪಾರ್ಕಿನಿಂದ ನಾಲ್ಕಾರು ಹಳ್ಳಿಗೆ ಬೆಳಕು, ನೀರು. ಹೊರಗಿನಿಂದ ಬರೋ ಗುಂಪೊಂದು ಅದನ್ನು ಕಿತ್ತುಕೊಳ್ಳೋಕೆ ನೋಡುತ್ತೆ, ಮೇನ್ ಸ್ವಿಚ್ ಕೆಡಿಸುತ್ತೆ. ಕೊನೆಗೆ ಹುಡುಗ ಸಬ್‌ಸ್ಟೇಷನ್ನಿಗೆ ನುಗ್ಗಿ ಸ್ವಿಚ್ ಎತ್ತುತ್ತಾನೆ, ಇಡೀ ಬಯಲು ಬೆಳಗುತ್ತೆ.

ವಿಷಯ ಗೊತ್ತಿರೋರು ಮುಲಾಜಿಲ್ಲದೆ ಹೇಳಿ.

ತಂತಿಕಂಬ

ಮುಲಾಜಿಲ್ಲದೆ ಅಂದ್ರಲ್ಲ, ಕೊನೆಯಿಂದಲೇ ಶುರು ಮಾಡ್ತೀನಿ. ಆ ಸ್ವಿಚ್ ಎತ್ತಿದರೆ ಏನೂ ಆಗಲ್ಲ.

ದೊಡ್ಡ ಸೋಲಾರ್ ಪಾರ್ಕಿನ ಇನ್ವರ್ಟರ್‌ಗಳು (ಪ್ಯಾನೆಲ್ಲಿನ ಕರೆಂಟನ್ನು ಲೈನಿಗೆ ಹೊಂದಿಸೋ ಯಂತ್ರಗಳು) ಗ್ರಿಡ್, ಅಂದರೆ ಊರುಗಳನ್ನೆಲ್ಲಾ ಜೋಡಿಸಿದ ವಿದ್ಯುತ್ ಜಾಲ ನೋಡಿಕೊಂಡು ಕೆಲಸ ಮಾಡುವಂಥವು. ಲೈನಿನಲ್ಲಿ ಆಗಲೇ 50 ಹರ್ಟ್ಸ್ ಓಡುತ್ತಿದ್ದರೆ ಮಾತ್ರ ತಾವೂ ಅದರ ತಾಳಕ್ಕೆ ಸೇರಿಕೊಂಡು ವಿದ್ಯುತ್ ಕೊಡುತ್ತವೆ. ಲೈನ್ ಸತ್ತರೆ ತಾವೇ ಆಫ್ ಆಗುತ್ತವೆ. ಹಾಗೇ ಇರಬೇಕು ಕೂಡ, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಸಾಯ್ತಾನೆ. ಹಾಗಾಗಿ ಗ್ರಿಡ್ ಬಿದ್ದ ದಿನವೇ, ನೆತ್ತಿ ಮೇಲೆ ಬಿಸಿಲಿದ್ದರೂ, ನಿಮ್ಮ ಪಾರ್ಕಿನ 2,050 ಮೆಗಾವ್ಯಾಟ್ ಸೊನ್ನೆ. 14 ವರ್ಷ ಆದಮೇಲಂತೂ ಇನ್ವರ್ಟರ್ ಒಳಗಿನ ಕೆಪಾಸಿಟರ್ ಒಣಗಿ ಉಬ್ಬಿರುತ್ತವೆ, ಫ್ಯಾನ್ ಹಿಡಿದುಕೊಂಡಿರುತ್ತೆ, ಹಲ್ಲಿ ಇಲಿ ಸಂಸಾರ ಹೂಡಿರುತ್ತವೆ.

ಪ್ಯಾನೆಲ್ ಮಾತ್ರ ಬದುಕಿರುತ್ತೆ. ಅದರ ಸವಕಳಿ ವರ್ಷಕ್ಕೆ ಶೇ 0.5ರಿಂದ 0.8. 14 ವರ್ಷಕ್ಕೆ ಶೇ 90ರ ಹತ್ತಿರ ಉಳಿಯುತ್ತೆ. ಇಡೀ ಪಾರ್ಕು ಸತ್ತಿದೆ, ಒಂದೊಂದು ಪ್ಯಾನೆಲ್ಲೂ ಜೀವಂತ ಇದೆ. ನಿಮ್ಮ ಕಥೆಗೆ ಇದು ಆ ಸ್ವಿಚ್ಚಿಗಿಂತ ಒಳ್ಳೇ ಸಾಮಾನು.

ಇನ್ನೊಂದು ಪ್ರಶ್ನೆ. ಕರೆಂಟ್ ಹೋಗಿದ್ದು ಯಾಕೆ?

ಬಯಲುದಾರಿ

ಸೌರ ಬಿರುಗಾಳಿ ಅಂತ ಇಟ್ಟಿದ್ದೆ, 1859ರಲ್ಲಿ ಬಂದಂಥದ್ದು. ಪುಸ್ತಕದಲ್ಲಿ ಅದನ್ನು ಹೇಳಲ್ಲ, ಹುಡುಗನಿಗೆ ಗೊತ್ತಿರಲ್ಲ. ನ್ಯೂಕ್ಲಿಯರ್ ಬಾಂಬ್ ಅಂತಲೂ ಯೋಚನೆ ಇತ್ತು.

ತಂತಿಕಂಬ

ಹುಡುಗನಿಗೆ ಗೊತ್ತಿರಬೇಕಿಲ್ಲ, ಬರೆಯೋರಿಗೆ ಗೊತ್ತಿರಲೇಬೇಕು. ಯಾವುದು ಕೆಟ್ಟಿದೆ, ಯಾವುದು ನಡೀತಿದೆ ಅನ್ನೋದು ಕಾರಣದ ಮೇಲೆ ನಿಂತಿದೆ.

ಸೌರ ಬಿರುಗಾಳಿ ಕೆಡಿಸೋದು ಉದ್ದ ಲೈನುಗಳನ್ನು, ಅವುಗಳ ತುದಿಯ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು. ಮೊಬೈಲು, ಟಾರ್ಚು, ಟ್ರ್ಯಾಕ್ಟರಿಗೆ ಏನೂ ಆಗಲ್ಲ. ಅದರ ಹೊಡೆತವೂ ಧ್ರುವದ ಕಡೆಗೇ ಜಾಸ್ತಿ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನರಿಗೆ 9 ಗಂಟೆ ಕರೆಂಟ್ ಇರಲಿಲ್ಲ. ಅದೇ ಬಿರುಗಾಳಿ ದಕ್ಷಿಣ ಭಾರತವನ್ನು ಅಲ್ಲಾಡಿಸಲಿಲ್ಲ. ನಾವು ಇರೋದು ಕಾಂತೀಯ ಸಮಭಾಜಕದ ಹತ್ತಿರ. ಕೇರಳದ ತುಂಬಾ ಅನ್ನೋ ಊರಲ್ಲಿ ರಾಕೆಟ್ ಕೇಂದ್ರ ಮಾಡಿದ್ದೂ ಅದಕ್ಕೇ. ಬರೀ ಬಿರುಗಾಳಿಯಿಂದ ಪಾವಗಡ 14 ವರ್ಷ ಕತ್ತಲಲ್ಲಿ ಕೂರುತ್ತೆ ಅಂದರೆ ಫಿಸಿಕ್ಸ್ ಓದಿದ ಹತ್ತನೇ ಕ್ಲಾಸಿನ ಹುಡುಗಿ ಒಪ್ಪಲ್ಲ.

ಬಾಂಬನ್ನು ಆಕಾಶದ ಎತ್ತರದಲ್ಲಿ ಸಿಡಿಸಿದರೆ ಲೆಕ್ಕವೇ ಬೇರೆ. 1962ರ ಜುಲೈ 9ರಂದು ಅಮೆರಿಕ 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ ಸಿಡಿಸಿದಾಗ ಸುಮಾರು 1,450 ಕಿ.ಮೀ. ದೂರದ ಹವಾಯಿಯಲ್ಲಿ ಬೀದಿದೀಪಗಳು ಹೋದವು. ಅದು ಎಲೆಕ್ಟ್ರಾನಿಕ್ಸ್‌ಗೇ ಏಟು. ಹಾಗೆ ಬರೆದರೆ ಸೋಲಾರ್ ಪಂಪಿನ ಕಂಟ್ರೋಲರ್ ಕೂಡ ಮೊದಲ ದಿನವೇ ಸತ್ತಿತು ಅಂತ ಇಟ್ಟುಕೊಳ್ಳಬೇಕು.

ಸಲಹೆ: ಕಾಯಿಲೆ. ಜನ ಕೆಲಸಕ್ಕೆ ಬರದೆ ನಿಂತ ಗ್ರಿಡ್. 2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಾದಾಗ ನಾವು ಬಚಾವಾದೆವು, ಯಾಕಂದರೆ ಆಗ ದಕ್ಷಿಣದ ಗ್ರಿಡ್ ಬೇರೆ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಲೈನಿಂದ ಅದನ್ನೂ ಜೋಡಿಸಿದರು. ಈಗ ಎಲ್ಲಾ ಒಂದೇ ಸರಪಳಿ. ಬಿದ್ದರೆ ಎಬ್ಬಿಸೋಕೆ ಸಾಮಾನ್ಯವಾಗಿ ಜಲವಿದ್ಯುತ್ ಕೇಂದ್ರದಿಂದ ಶುರು ಮಾಡಬೇಕು. ಹೊರಗಿನ ಕರೆಂಟ್ ಇಲ್ಲದೆ ಅವು ಸುಲಭವಾಗಿ ಏಳುತ್ತವೆ. ಶರಾವತಿಯಲ್ಲಿ 10 ಯೂನಿಟ್, 1,035 ಮೆಗಾವ್ಯಾಟ್. ಅಲ್ಲಿ ತಿಳಿದೋರು ನಾಲ್ಕು ಜನ ಉಳಿದಿದ್ದರೆ ಆ ಸುತ್ತಿನ ಒಂದಿಷ್ಟು ಊರಿಗೆ ಬೆಳಕು ಇದ್ದರೂ ಇರಬಹುದು. ಆ ಬೆಳಕು ಪಾವಗಡಕ್ಕೆ ಬರಲ್ಲ. ನಡುವಿನ ಲೈನ್ ಮೇಲೆ ಮರ ಬಿದ್ದಿರುತ್ತೆ, ತಂತಿ ಕದ್ದಿರುತ್ತಾರೆ. ಆದರೆ ಸುದ್ದಿ ಬರುತ್ತೆ. ಮಲೆನಾಡಿನಲ್ಲೆಲ್ಲೋ ದೀಪ ಉರೀತಿದೆಯಂತೆ ಅನ್ನೋ ಸುದ್ದಿ.

ಪುಟಸಂಖ್ಯೆ

ಮಕ್ಕಳ ಪುಸ್ತಕದ ಕಡೆಯಿಂದ ಎರಡು ಮಾತು.

ಕಾರಣವನ್ನು ಪುಸ್ತಕದಲ್ಲಿ ಹೇಳದಿರೋದು ಸರಿ. ಆದರೆ ದೊಡ್ಡವರ ಬಾಯಲ್ಲಿ ಮೂರು ಬೇರೆ ಬೇರೆ ಕಾರಣ ಬರಲಿ, ಮೂರೂ ಒಂದಕ್ಕೊಂದು ಹೊಂದದಿರಲಿ. ಈ ವಯಸ್ಸಿನ ಓದುಗರು ತಾವೇ ಕೂಡಿಸಿ ಕಳೆದು ನೋಡ್ತಾರೆ, ಅದು ಅವರಿಗೆ ಇಷ್ಟ.

ಇನ್ನೊಂದು, ಅಪ್ಪ ಅಮ್ಮನನ್ನು ಮೊದಲ ಅಧ್ಯಾಯದಲ್ಲಿ ಸಾಯಿಸಬೇಡಿ. ಈ ಬಗೆಯ ಹಸ್ತಪ್ರತಿ ಹತ್ತು ಬಂದರೆ ಎಂಟರಲ್ಲಿ ಅದೇ ಇರುತ್ತೆ. ಮಕ್ಕಳು ಒಂಟಿಯಾಗಿರಬೇಕು ಅಷ್ಟೇ ತಾನೆ? ದೊಡ್ಡವರನ್ನು ಕೆಲಸಕ್ಕೆ ಕಳಿಸಿ. ಉಪ್ಪು ತರೋಕೆ ಹೋಗಲಿ. ಕರ್ನಾಟಕದಲ್ಲಿ ಉಪ್ಪಿನ ಗದ್ದೆ ಇರೋದು ಗೋಕರ್ಣದ ಹತ್ತಿರದ ಸಾಣಿಕಟ್ಟೆ ಕಡೆ. ಪಾವಗಡದಿಂದ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಹತ್ತಿ ಬರೋಕೆ ತಿಂಗಳ ಮೇಲೆ ಹಿಡಿಯುತ್ತೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಅಂದರೆ ವರ್ಷಕ್ಕೆ ಸುಮಾರು 2 ಕೆ.ಜಿ. ಊಟಕ್ಕೇ ಬೇಕು, ದನ ಮತ್ತು ಉಪ್ಪಿನಕಾಯಿ ಲೆಕ್ಕ ಬೇರೆ. 300 ಜನರ ಊರಿಗೆ 6 ಕ್ವಿಂಟಲ್. ಒಂದು ಗಾಡಿಯ ಹೊರೆ ಅದೇ ಆಯಿತು, ಮಳೆ ಬರೋದರೊಳಗೆ ಮುಗಿಸಬೇಕು, ಏಪ್ರಿಲ್–ಮೇ ತಿಂಗಳಲ್ಲಿ ಗಟ್ಟಿಮುಟ್ಟಾದವರು ಊರಲ್ಲಿಲ್ಲ. ಉಳಿದೋರು ಮುದುಕರು, ಬಾಣಂತಿಯರು, ಮಕ್ಕಳು. ನಿಮ್ಮ ಕಥೆ ನಡೆಯೋದು ಆ ತಿಂಗಳಲ್ಲಿ.

ಆ ಉಪ್ಪಿನಲ್ಲಿ ಅಯೋಡಿನ್ ಬೆರೆಸಿರಲ್ಲ ಅನ್ನೋದನ್ನೂ ಮರೀಬೇಡಿ. ಘಟ್ಟದ ಕಡೆಯಿಂದ ಬರೋರಲ್ಲಿ ಗಳಗಂಡ ಮತ್ತೆ ಕಾಣಿಸಿಕೊಂಡಿರುತ್ತೆ.

ಒರತೆ

ನೀರಿನ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಪಾವಗಡ ಅಂದ ಮೇಲೆ ಅದೇ ತಾನೆ ಮೊದಲು.

ಅಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದು ಹಲ್ಲು, ಮೂಳೆ ಕೆಡಿಸುತ್ತೆ. ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5. ಅಲ್ಲಿ ಎಷ್ಟೋ ಬೋರ್‌ಗಳು ಇದನ್ನು ದಾಟುತ್ತವೆ. ಅದಕ್ಕೇ ಊರೂರಿಗೆ ನೀರು ಸೋಸೋ ಆರ್.ಒ. ಘಟಕ. ಕರೆಂಟ್ ಹೋದರೆ ಅದು ನಿಲ್ಲುತ್ತೆ. ಯಾರೋ ಜಾಣ ಪ್ಯಾನೆಲ್ ಕಟ್ಟಿ ಓಡಿಸಿದ ಅಂತ ಇಟ್ಟುಕೊಂಡರೂ ಅದರೊಳಗಿನ ಸೋಸೋ ಪೊರೆ (ಮೆಂಬ್ರೇನ್) ಎರಡು ಮೂರು ವರ್ಷದ ಸಾಮಾನು, ಸುಣ್ಣ ಕಟ್ಟಿ ಮುಚ್ಚಿಕೊಳ್ಳುತ್ತೆ. ಕಾಯಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಏರುತ್ತೆ. ಪ್ಲಾಸ್ಟಿಕ್ ಬಾಟಲಿಯಲ್ಲಿ ತಿಳಿನೀರು ತುಂಬಿ 6 ಗಂಟೆ ಬಿಸಿಲಿಗಿಟ್ಟರೆ ಭೇದಿ ತರೋ ರೋಗಾಣು ಸಾಯುತ್ತೆ, ಮೋಡ ಇದ್ದರೆ ಎರಡು ದಿನ ಬೇಕು. ಅದೂ ಫ್ಲೋರೈಡನ್ನು ಮುಟ್ಟಲ್ಲ. ಸ್ಫಟಿಕ (ಆಲಂ) ಮತ್ತು ಸುಣ್ಣ ಹಾಕಿ ತೆಗೆಯೋ ನಲ್ಗೊಂಡ ವಿಧಾನ ಇದೆ. ಸ್ಫಟಿಕ ಎಲ್ಲಿಂದ ತರ್ತೀರಿ? ಊರಲ್ಲೇ ಆಗೋದು ಅಂದರೆ ಮೂಳೆ ಇದ್ದಿಲು: ದನದ ಮೂಳೆಯನ್ನು ಗಾಳಿ ಕಡಿಮೆ ಇರೋ ಗೂಡಿನಲ್ಲಿ 400–500 ಡಿಗ್ರಿಗೆ ಸುಟ್ಟು, ಪುಡಿ ಮಾಡಿ, ಅದರ ಮೂಲಕ ನೀರು ಇಳಿಸೋದು. ಕೆಲಸ ಮಾಡುತ್ತೆ. ಸರಿಯಾಗಿ ಸುಡದಿದ್ದರೆ ನೀರು ಹೆಣದ ವಾಸನೆ ಹೊಡೆಯುತ್ತೆ. ಮೂಳೆ ನೀರು ಕುಡಿಯಲ್ಲ ಅನ್ನೋ ಮನೆಗಳೂ ಇರ್ತವೆ, ಅದು ನಿಮಗೆ ಒಂದು ಅಧ್ಯಾಯ.

ಸುಲಭದ ದಾರಿ ನಿಮ್ಮ ಕಣ್ಣೆದುರೇ ಇದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲ. ಮಳೆ ಹಿಡಿಯೋಕೆ ಸೂರು ಬೇಕು. 13,000 ಎಕರೆ ತುಂಬ ಇಳಿಜಾರಾಗಿ ಕೂರಿಸಿದ ಗಾಜು ಇದೆಯಲ್ಲ!

ಬಯಲುದಾರಿ

ಇದು ಹೊಳೆದೇ ಇರಲಿಲ್ಲ. ಲೆಕ್ಕ ಹೇಳ್ತೀರಾ?

ಒರತೆ

ಒಂದು ಪ್ಯಾನೆಲ್ ಹತ್ತಿರ ಹತ್ತಿರ 2 ಚದರ ಮೀಟರ್. ಒಂದು ಮಿ.ಮೀ. ಮಳೆಗೆ 2 ಲೀಟರ್. ಆ ಕಡೆ ವರ್ಷಕ್ಕೆ ಸುಮಾರು 500 ಮಿ.ಮೀ. ಅಂತ ಹಿಡಿಯಿರಿ, ಬರದ ವರ್ಷ 250. ಸೋರಿದ್ದು, ಚೆಲ್ಲಿದ್ದು, ಮೊದಲ ಕೊಳೆನೀರು ಎಲ್ಲಾ ಕಳೆದು ಶೇ 80 ಕೈಗೆ ಸಿಗುತ್ತೆ ಅಂದರೆ ಬರದ ವರ್ಷದಲ್ಲೂ ಪ್ಯಾನೆಲ್ಲಿಗೆ 400 ಲೀಟರ್. ಐದು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್, ವರ್ಷಕ್ಕೆ 9,125. ಬರಗಾಲ ದಾಟೋಕೆ ಮನೆಗೆ 23 ಪ್ಯಾನೆಲ್ ಸಾಕು. ಪಾರ್ಕಿನಲ್ಲಿ ಲಕ್ಷಗಟ್ಟಲೆ ಇವೆ.

ಕಷ್ಟ ಇರೋದು ಹಿಡಿಯೋದರಲ್ಲಿ ಅಲ್ಲ, ಇಟ್ಟುಕೊಳ್ಳೋದರಲ್ಲಿ. ಮಳೆ ಬಹುಪಾಲು ಸೆಪ್ಟೆಂಬರ್–ಅಕ್ಟೋಬರ್. ಡಿಸೆಂಬರಿನಿಂದ ಮೇ ತನಕ 180 ದಿನಕ್ಕೆ 4,500 ಲೀಟರ್ ಕೂಡಿಡಬೇಕು. ಕಪ್ಪು ಸಿಂಟೆಕ್ಸ್ ಟ್ಯಾಂಕ್ 14 ವರ್ಷ ಬಿಸಿಲಲ್ಲಿ ನಿಂತಿದ್ದರೆ ಬುಡದ ಹತ್ತಿರ ಸೀಳಿರುತ್ತೆ, ನೆರಳಲ್ಲಿದ್ದದ್ದು ಉಳಿದಿರುತ್ತೆ. ಹೊಸ ಸಂಪು ಕಟ್ಟೋಣ ಅಂದರೆ ಸಿಮೆಂಟ್ ಇಲ್ಲ. ಗೋದಾಮಿನಲ್ಲಿ ಮೂಟೆ ಸಿಕ್ಕಿತು ಅಂತ ಬರೀಬೇಡಿ, ಮೂರು ತಿಂಗಳಿಗೇ ಅದರ ಕಸುವು ಇಳಿಯೋಕೆ ಶುರು, ವರ್ಷಗಟ್ಟಲೆ ಇಟ್ಟರೆ ಮೂಟೆಯೇ ಕಲ್ಲು. ಸುಣ್ಣಕಲ್ಲು ಸುಟ್ಟು ಗಾರೆ ಅರೆಯಬೇಕು. ಗೂಡು 900 ಡಿಗ್ರಿ ದಾಟಬೇಕು, ಸೌದೆಗೆ ಬಳ್ಳಾರಿ ಜಾಲಿ ಬೇಕಾದಷ್ಟು.

ಸಂಪಿಗೆ ಮುಚ್ಚಳ, ಪೈಪಿನ ಬಾಯಿಗೆ ಬಟ್ಟೆ ಇರಲೇಬೇಕು. ಇಲ್ಲದಿದ್ದರೆ ಫ್ಲೋರೈಡ್ ತಪ್ಪಿಸೋಕೆ ಹೋಗಿ ಡೆಂಗಿ ಸಾಕಿದ ಹಾಗೆ.

ತಂತಿಕಂಬ

ಒರತೆಯವರ ಐಡಿಯಾ ಚೆನ್ನಾಗಿದೆ, ಆದರೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಇದನ್ನು ಓದೋದು ಮಕ್ಕಳು, ಅವರ ಮನೆ ಮೇಲೂ ಪ್ಯಾನೆಲ್ ಇರುತ್ತೆ.

ಬಿಸಿಲಿರುವಾಗ ಪ್ಯಾನೆಲ್ಲನ್ನು ಆಫ್ ಮಾಡೋಕೆ ಆಗಲ್ಲ. 72 ಸೆಲ್ಲಿನ ಒಂದು ಪ್ಯಾನೆಲ್ಲಿಗೆ ಲೋಡ್ ಇಲ್ಲದಾಗ 46 ವೋಲ್ಟ್ ಆಸುಪಾಸು. ಪಾರ್ಕಿನಲ್ಲಿ ಇಪ್ಪತ್ತರಂತೆ ಸಾಲಾಗಿ ಜೋಡಿಸಿದರೆ 900 ವೋಲ್ಟ್ ದಾಟುತ್ತೆ, ಅದೂ ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯೋ ಕರೆಂಟ್. ಮನೆಯ ಎ.ಸಿ. ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತೆ, ಕಿಡಿ ತಾನಾಗಿ ಆರೋಕೆ ಅವಕಾಶ ಇರುತ್ತೆ. ಡಿ.ಸಿ.ಯಲ್ಲಿ ಅದಿಲ್ಲ. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಬೆಂಕಿಯ ಎಳೆ ನಿಂತುಬಿಡುತ್ತೆ, ಕೈ ಮುಖ ಸುಡುತ್ತೆ. 14 ವರ್ಷದಲ್ಲಿ ಕೇಬಲ್ ಸಿಪ್ಪೆ ಬಿರಿದು, ಇಲಿ ಕಚ್ಚಿ, ಮಳೆಗಾಲದ ಬೆಳಿಗ್ಗೆ ಅಲ್ಯೂಮಿನಿಯಂ ಚೌಕಟ್ಟಿಗೇ ವೋಲ್ಟೇಜ್ ಇಳಿದಿರುತ್ತೆ. ಒದ್ದೆ ಕಾಲಲ್ಲಿ ಕೊಡ ಹಿಡಿದು ಬಂದ ಮಗು ಅದನ್ನೇ ಮುಟ್ಟುತ್ತೆ.

ಆದ್ದರಿಂದ ಕಥೆಯಲ್ಲಿ ಸಾಲುಗಳನ್ನು ಮೊದಲೇ ಯಾರೋ ಬಿಡಿಸಿರಬೇಕು. ಅಮಾವಾಸ್ಯೆ ರಾತ್ರಿ, ಒಣ ಹವೆಯಲ್ಲಿ, ಒಂದೊಂದೇ ಕನೆಕ್ಟರ್ ಕಳಚಿ, ತುದಿಗಳು ಒಂದಕ್ಕೊಂದು ತಾಗದಂತೆ ಸುತ್ತಿ ಕಟ್ಟಿ. ಬಿಡಿಸಿದ ಸಾಲಿನ ಕಂಬಕ್ಕೆ ಸುಣ್ಣದ ಪಟ್ಟೆ. ಪಟ್ಟೆ ಇಲ್ಲದ ಸಾಲಿಗೆ ಮಕ್ಕಳು ಕಾಲಿಡೋ ಹಾಗಿಲ್ಲ ಅನ್ನೋದು ಊರಿನ ಕಟ್ಟಳೆ. ದಾಳಿಗೆ ಬಂದವರಿಗೆ ಪಟ್ಟೆಯ ಅರ್ಥ ಗೊತ್ತಿರಲ್ಲ. ಅದನ್ನು ಹೇಗೆ ಬಳಸ್ತೀರೋ ನಿಮಗೆ ಬಿಟ್ಟದ್ದು.

ಒಡೆದ ಪ್ಯಾನೆಲ್ಲಿನ ನೀರು ಕುಡಿಯೋಕೆ ಬೇಡ, ಒಳಗಿನ ಬೆಸುಗೆಯಲ್ಲಿ ಸೀಸ ಇರುತ್ತೆ.

ಬಯಲುದಾರಿ

ಹಾಗಾದರೆ ರಾತ್ರಿ ಬೆಳಕು? ಪೂರ್ತಿ ಕತ್ತಲಾ?

ತಂತಿಕಂಬ

ಹೊಂಗೆ ಎಣ್ಣೆ ದೀಪ. ಬ್ಯಾಟರಿ ಅನ್ನೋದು 14 ವರ್ಷಕ್ಕೆ ಉಳಿಯಲ್ಲ, ಟ್ಯೂಬುಲರ್ ಬ್ಯಾಟರಿ ಚೆನ್ನಾಗಿ ನೋಡಿಕೊಂಡರೂ ಏಳೆಂಟು ವರ್ಷ. ಆಮೇಲೆ ಫಲಕದ ಮೇಲೆ ಸಲ್ಫೇಟ್ ಗಟ್ಟಿ ಕೂರುತ್ತೆ.

ಹಠ ಹಿಡಿದರೆ ಹೊಸದು ಮಾಡಬಹುದು. ಎರಡು ಸೀಸದ ಹಾಳೆ, ನಡುವೆ ಬಟ್ಟೆ, ಸುರುಳಿ ಸುತ್ತಿ ತೆಳು ಗಂಧಕಾಮ್ಲದಲ್ಲಿ ಮುಳುಗಿಸಿ, ವಾರಗಟ್ಟಲೆ ಚಾರ್ಜ್ ಮಾಡಿ ಇಳಿಸಿ, ಮತ್ತೆ ತಿರುಗಿಸಿ ಚಾರ್ಜ್ ಮಾಡಿದರೆ ಹಾಳೆಯ ಮೇಲ್ಮೈ ಹದವಾಗುತ್ತೆ. ಪ್ಲಾಂಟೆ ಅನ್ನೋ ಫ್ರೆಂಚ್ ವಿಜ್ಞಾನಿ ಮಾಡಿದ್ದು ಇದನ್ನೇ, 1859ರಲ್ಲಿ. (ನಿಮ್ಮ ಸೌರ ಬಿರುಗಾಳಿಯ ವರ್ಷವೂ ಅದೇ, ಕಾಕತಾಳೀಯ.) ಒಂದು ಸೆಲ್ಲಿಗೆ 2 ವೋಲ್ಟ್, ಬಿಳಿ ಎಲ್.ಇ.ಡಿ. ಒಂದಕ್ಕೆ 3 ಬೇಕು, ಹಾಗಾಗಿ ಕನಿಷ್ಠ ಎರಡು ಸೆಲ್, ಮಧ್ಯೆ ಒಂದು ರೆಸಿಸ್ಟರ್. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕೆಲಸ ಮಾತ್ರ ಹುಡುಗನ ಕೈಲಿ ಮಾಡಿಸಬೇಡಿ, ಅದರ ಹೊಗೆ ಮಕ್ಕಳ ಮಿದುಳಿಗೆ ವಿಷ.

ಹಗಲು ಹೊತ್ತಿಗೆ ಬ್ಯಾಟರಿಯೇ ಬೇಡ. ಬ್ರಷ್ ಇರೋ ಡಿ.ಸಿ. ಮೋಟಾರನ್ನು ಪ್ಯಾನೆಲ್ಲಿಗೆ ನೇರ ಜೋಡಿಸಿದರೆ ತಿರುಗುತ್ತೆ. ಮೋಡ ಬಂದರೆ ನಿಧಾನ, ಬಿಸಿಲು ಬಂದರೆ ಜೋರು. ರಾಗಿ ಬೀಸೋದು, ತೂರೋದು ಎಲ್ಲಾ ಹತ್ತರಿಂದ ಮೂರರೊಳಗೆ. ಊರಿನ ದಿನಚರಿಯನ್ನೇ ಇದರ ಮೇಲೆ ಕಟ್ಟಿ.

ದವಡೆ

ಇಷ್ಟು ಹೊತ್ತು ಓದುತ್ತಾ ಇದ್ದೆ. ಒರತೆಯವರು ಫ್ಲೋರೈಡ್ ಅಂದರು, ಅದರ ಅರ್ಧ ಕಥೆ ಹಲ್ಲಿನಲ್ಲಿದೆ.

ಫ್ಲೋರೈಡಿನ ಕಲೆ ಬೀಳೋದು ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ರೂಪುಗೊಳ್ಳುವಾಗ ಮಾತ್ರ, ಅಂದರೆ ಹಲ್ಲು ಇನ್ನೂ ವಸಡಿನ ಒಳಗಿರುವಾಗ. ಮೇಲಿನ ನಡುಹಲ್ಲಿನ ಎನಾಮಲ್ 4–5 ವರ್ಷಕ್ಕೆ ಮುಗಿಯುತ್ತೆ. ಮೊದಲ ದವಡೆಹಲ್ಲಿನದು ಮೂರರೊಳಗೇ. ಎರಡನೇ ದವಡೆಹಲ್ಲಿನದು 7–8ಕ್ಕೆ, ಆದರೆ ಅದು ಬಾಯಲ್ಲಿ ಕಾಣಿಸೋದು 11–13ರಲ್ಲಿ. ದೊಡ್ಡವರಾದ ಮೇಲೆ ಎಷ್ಟೇ ಕುಡಿದರೂ ಹಲ್ಲು ಕಲೆಯಾಗಲ್ಲ, ಆಗ ಕಾಡೋದು ಮೂಳೆ: ಬೆನ್ನು, ಕತ್ತು ಬಿಗಿಯುತ್ತೆ, ಮಂಡಿ ಹಿಡಿದುಕೊಳ್ಳುತ್ತೆ.

ಅಂದರೆ ಬಾಯಿ ತೆರೆಸಿದರೆ ಯಾವ ವಯಸ್ಸಿನಲ್ಲಿ ಯಾವ ನೀರು ಕುಡಿದ ಅಂತ ಓದಬಹುದು. ನಡುಹಲ್ಲು ಶುಭ್ರ, ಎರಡನೇ ದವಡೆಹಲ್ಲು ಮಾತ್ರ ಕಂದು, ಗುಳಿಗುಳಿ: ಆ ಮಗು ಐದರ ಸುಮಾರಿಗೆ ಈ ಸೀಮೆಗೆ ಬಂದಿದ್ದು. ನಡುಹಲ್ಲು ಕಂದು, ಎರಡನೇ ದವಡೆಹಲ್ಲು ಬಹುಪಾಲು ಶುಭ್ರ: ಇಲ್ಲೇ ಹುಟ್ಟಿ, ನಾಲ್ಕೈದಕ್ಕೆ ನೀರು ಬದಲಾಯಿತು.

ಹೊರಗಿನಿಂದ ಬಂದ ಹುಡುಗಿಯೊಬ್ಬಳು ನಾನು ಇಲ್ಲಿಯವಳೇ, ಚಿಕ್ಕಂದಿನಲ್ಲಿ ಕಳೆದುಹೋದವಳು ಅಂತ ಹೇಳಿಕೊಂಡರೆ, ಅಜ್ಜಿ ಅವಳಿಗೆ ‘ನಗು’ ಅಂತ ಹೇಳಿದರೆ ಸಾಕು.

ಬಯಲುದಾರಿ

ದವಡೆಯವರೇ, ಇದಕ್ಕೆ ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಹಂದರ ಬದಲಾಯಿಸಿದೆ. ಕಾರಣ ಕಾಯಿಲೆ. ಮೊದಲ ನಾಲ್ಕು ವರ್ಷ ರೈತರ ಸೋಲಾರ್ ಪಂಪ್ ಓಡಿದವು (2019ರ ಕುಸುಮ್ ಯೋಜನೆಯ ತರಹದವು, ತಮ್ಮದೇ ಕಂಟ್ರೋಲರ್ ಇರೋದರಿಂದ ಗ್ರಿಡ್ ಬೇಡ), ಎಲ್ಲರೂ ಬೋರ್ ನೀರೇ ಕುಡಿದರು. ಐದನೇ ವರ್ಷ ಪಂಪು ಒಂದೊಂದೇ ಕೆಟ್ಟಾಗ ಗಾಜಿನ ಮಳೆನೀರು ಶುರುವಾಯಿತು. ಹುಡುಗನ ಮುಂದಿನ ಹಲ್ಲು ಕಂದು, ಏಳು ವರ್ಷದ ತಂಗಿಯದು ಬಿಳಿ. ಸರೀನಾ?

ದವಡೆ

ಹುಡುಗನದು ಸರಿ. ತಂಗಿಗೆ ಏಳು ಅಂದರೆ ಮುಂದಿನ ಕಾಯಂ ಹಲ್ಲು ಆಗತಾನೆ ಬರ್ತಿರುತ್ತೆ, ಅರ್ಧ ಇಣುಕಿರುತ್ತೆ. ಊರೆಲ್ಲಾ ಅವಳ ಬಾಯಿ ನೋಡೋಕೆ ಕಾಯ್ತಿರುತ್ತೆ, ಮಳೆನೀರಿನ ಫಲ ಕಣ್ಣಿಗೆ ಕಾಣೋದು ಅಲ್ಲೇ ಮೊದಲು. ವಯಸ್ಸು ಬದಲಾಯಿಸಬೇಡಿ.

ಒರತೆ

ಒಂದು ತಕರಾರು, ನನ್ನ ಮಾತಿಗೇ. ಪಂಪು ಕೆಟ್ಟಮೇಲೆ ಒಂಬತ್ತು ಹತ್ತು ವರ್ಷ ಯಾರೂ ಬೋರ್ ಎತ್ತದಿದ್ದರೆ ಅಂತರ್ಜಲ ಮೇಲೆ ಬರುತ್ತೆ. ಪಾಳು ಬಿದ್ದ ತೆರೆದ ಬಾವಿಗಳಲ್ಲಿ ನೀರು ನಿಲ್ಲೋಕೆ ಶುರುವಾಗುತ್ತೆ. ಮೇಲುಪದರದ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ, ಯಾಕಂದರೆ ಆಳದ ಬಂಡೆಯಲ್ಲಿ ವರ್ಷಗಟ್ಟಲೆ ನೆನೆದ ನೀರಲ್ಲ ಅದು. ಇದನ್ನು ಗೊತ್ತಿರೋ ಓದುಗ ಕೇಳೇ ಕೇಳ್ತಾನೆ. ಉತ್ತರ: ಬಾವಿ ನೀರು ಬಟ್ಟೆಗೆ, ದನಕ್ಕೆ, ಸೊಪ್ಪಿನ ಮಡಿಗೆ. ಫೆಬ್ರುವರಿ ಹೊತ್ತಿಗೆ ತಳ ಕಾಣುತ್ತೆ. ಬೇಸಿಗೆಯ ಕುಡಿಯೋ ನೀರಿಗೆ ಸಂಪೇ ಗತಿ.

ಬೆಂಗಳೂರಿಂದ ಬಂದವರನ್ನೂ ಲೆಕ್ಕಕ್ಕೆ ತಗೊಳ್ಳಿ. ಕಾವೇರಿ ನೀರು ನಗರಕ್ಕೆ ಬರೋದು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರ. ಕರೆಂಟ್ ನಿಂತರೆ ನಲ್ಲಿ ನಿಂತಿತು. ಮೊದಲ ವಾರದಲ್ಲೇ ಜನ ನಾಲ್ಕೂ ದಿಕ್ಕಿಗೆ ನಡೆದಿರುತ್ತಾರೆ. ನಿಮ್ಮ ಊರಿನ ಮೂರನೇ ಒಂದು ಪಾಲು ಅವರೇ ಇರಬಹುದು.

ಹಗೇವು

ಊಟದ ವಿಚಾರಕ್ಕೆ ಬರೋಣ. ಕಾದಂಬರಿಯಲ್ಲಿ ಶೇಂಗಾ ಬಿತ್ತನೆ ಇದ್ದೇ ಇರುತ್ತೆ, ಪಾವಗಡ ಅಲ್ವಾ. ಹಳೇ ಗೋದಾಮಿನಲ್ಲಿ ಶೇಂಗಾ ಬೀಜದ ನಿಧಿ ಸಿಕ್ಕಿತು ಅಂತ ದಯವಿಟ್ಟು ಬರೀಬೇಡಿ. ಎಣ್ಣೆಕಾಳು, ಒಂದು ಹಂಗಾಮು ದಾಟಿದರೆ ಮೊಳಕೆ ಇಳಿದುಹೋಗುತ್ತೆ. ಪ್ರತಿ ವರ್ಷ ಬಿತ್ತಿ ಉಳಿಸಿಕೊಂಡವರ ಹತ್ತಿರ ಮಾತ್ರ ಬೀಜ. ಶೇಂಗಾ, ರಾಗಿ ಎರಡೂ ಸ್ವಪರಾಗದವು (ತಮ್ಮದೇ ಹೂವಿನ ಪರಾಗದಿಂದ ಕಾಳು ಕಟ್ಟೋವು), ಮನೆಬೀಜ ನಂಬಬಹುದು. ಹೈಬ್ರಿಡ್ ಮುಸುಕಿನ ಜೋಳ, ಸೂರ್ಯಕಾಂತಿ ಎರಡನೇ ಬೆಳೆಗೇ ಅಡ್ಡಾದಿಡ್ಡಿ. ಒದ್ದೆ ಶೇಂಗಾಕ್ಕೆ ಹಸಿರು ಬೂಸಲು ಬಂದರೆ ತಿನ್ನಬಾರದು, ಹುರಿದರೂ ಆ ವಿಷ ಪೂರ್ತಿ ಹೋಗಲ್ಲ.

ಈಗ ಹಗೇವು. ರಾಗಿಯನ್ನು ನೆಲದೊಳಗಿನ ಗುಂಡಿಯಲ್ಲಿ ವರ್ಷಗಟ್ಟಲೆ ಇಡಬಹುದು, ಹುಳ ಮುಟ್ಟಲ್ಲ. ಹುಳ ಮುಟ್ಟದಿರೋಕೆ ಕಾರಣವೇ ಅಲ್ಲಿನ ಗಾಳಿ: ಕಾಳು ಉಸಿರಾಡಿ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತೆ, ಅದು ಭಾರ, ತಳದಲ್ಲೇ ನಿಲ್ಲುತ್ತೆ. ಬಾಯಿ ತೆಗೆದ ತಕ್ಷಣ ಇಳಿದವನು ಕುಸಿಯುತ್ತಾನೆ. ಎತ್ತೋಕೆ ಇನ್ನೊಬ್ಬ ಇಳಿಯುತ್ತಾನೆ, ಅವನೂ ಅಷ್ಟೇ. ಹಗೇವಿನ ಸಾವುಗಳಲ್ಲಿ ಎರಡನೆಯವನು ಸತ್ತಿರೋದೇ ಹೆಚ್ಚು ಬೇಜಾರಿನದು.

ಕಥೆಗಳಲ್ಲಿ ಲಾಂದ್ರ ಇಳಿಸಿ ನೋಡ್ತಾರೆ. ದೀಪ ಆರಿದರೆ ಇಳೀಬಾರದು, ಸರಿ. ದೀಪ ಉರಿದರೆ ಇಳೀಬಹುದು ಅನ್ನೋದು ತಪ್ಪು. ಡೈಆಕ್ಸೈಡ್ ಅಪಾಯದ ಮಟ್ಟದಲ್ಲಿದ್ದರೂ ದೀಪ ಉರಿಯುತ್ತಾ ಇರಬಹುದು, ಮನುಷ್ಯ ಎಚ್ಚರ ತಪ್ಪಬಹುದು. ಬಾಯಿ ತೆಗೆದು ಒಂದು ದಿನ ಬಿಡಬೇಕು. ಎಲೆ ತುಂಬಿದ ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ನೂರಾರು ಸಲ ಇಳಿಸಿ ಎತ್ತಿ ಗಾಳಿ ಕಲಕಬೇಕು. ಆಮೇಲೆ ದೀಪ. ಇಳಿಯೋನ ಕಂಕುಳಡಿ ಹಗ್ಗ, ಮೇಲೆ ಎಳೆಯೋಕೆ ಇಬ್ಬರು. ಮೇಲಿನವರು ಏನೇ ಆದರೂ ಇಳಿಯೋ ಹಾಗಿಲ್ಲ. ದೊಡ್ಡವರು ಉಪ್ಪಿಗೆ ಹೋಗಿದ್ದಾರೆ, ರಾಗಿ ಮುಗಿದಿದೆ, ಹಗೇವು ತೆಗೀಬೇಕು, ಎಳೆಯೋಕೆ ಮಕ್ಕಳೇ ಇರೋದು. ಇದಕ್ಕಿಂತ ಇನ್ನೇನು ಬೇಕು ನಿಮಗೆ?

ಪುಟಸಂಖ್ಯೆ

ಹಗೇವಿನ ದೃಶ್ಯ ಪುಸ್ತಕದ ಮಧ್ಯಕ್ಕೆ ಇರಲಿ. ಅಲ್ಲಿ ಒಬ್ಬರಿಗೆ ಏಟಾಗಲಿ, ಸಾವು ಬೇಡ. ಸಾವು ಬೇಕೇ ಬೇಕು ಅಂದರೆ ಒಂದೇ ಒಂದು, ಮೊದಲೇ ಪರಿಚಯವಾದ ವ್ಯಕ್ತಿಯದು. ಊರು ಅದಕ್ಕೆ ಏನು ಮಾಡಿತು ಅನ್ನೋದನ್ನು ಎರಡು ಪುಟ ಬರೆಯಿರಿ: ಗುಂಡಿ ತೋಡಿದ್ದು ಯಾರು, ಅಡುಗೆ ಯಾರ ಮನೆಯಲ್ಲಾಯಿತು. ಹನ್ನೊಂದರ ಮಗುವಿಗೆ ಸಾವು ತಡೆದುಕೊಳ್ಳೋಕಾಗುತ್ತೆ, ಸತ್ತವರನ್ನು ಮರುಪುಟದಲ್ಲೇ ಎಲ್ಲರೂ ಮರೆತರೆ ಅದು ಪುಸ್ತಕವನ್ನು ನಂಬಲ್ಲ.

ಅಳತೆ: ಒಟ್ಟು 25,000 ಪದ ದಾಟದಿರಲಿ, ಅಧ್ಯಾಯಕ್ಕೆ 1,200–1,500. ಇಲ್ಲಿ ಬಂದ ಲೆಕ್ಕವನ್ನೆಲ್ಲಾ ತುರುಕಬೇಡಿ. 23 ಪ್ಯಾನೆಲ್ ಅನ್ನೋ ಒಂದು ಅಂಕಿ ಸಾಕು, ಅದನ್ನು ಜಗಳದಲ್ಲಿ ಬರಿಸಿ: ನಿಮ್ಮ ಮನೆಗೆ 23, ನಮಗೆ ಯಾಕೆ 18?

ಅರ್ಧಕೊಡ

ರೇಡಿಯೇಷನ್? ಕೈಗಾ ಇದೆಯಲ್ಲ. ಎರಡು ತಲೆಯ ಆಡು, ಹೊಳೆಯೋ ಕರಡಿ ಹಾಕಿದ್ರೆ ಮಕ್ಕಳು ಬಿಡದೆ ಓದ್ತಾರೆ ಗುರು.

ತಂತಿಕಂಬ

ಕೈಗಾದ 220 ಮೆಗಾವ್ಯಾಟಿನ ನಾಲ್ಕು ರಿಯಾಕ್ಟರ್ ನಿಲ್ಲಿಸಿದ ಮೇಲೂ ಬಿಸಿ ಉಳಿಯುತ್ತೆ ನಿಜ, ಶುರುವಿನಲ್ಲಿ ಶೇ 6–7, ಒಂದು ದಿನಕ್ಕೆ ಶೇ 0.5ರ ಹತ್ತಿರ. ತಂಪು ಮಾಡೋಕೆ ಜನ, ಡೀಸೆಲ್ ಬೇಕು. ಅದು ಬೇರೆಯೇ ಕಾದಂಬರಿ, ಕರಾವಳಿಯದು. ಎರಡು ತಲೆಯ ಆಡು ಯಾವುದರಲ್ಲೂ ಬೇಡ. ಕರಡಿ ಹೊಳೀಬೇಕಾಗಿಲ್ಲ, ಆ ಸೀಮೆಯ ಗುಡ್ಡಗಳಲ್ಲಿ ಈಗಲೇ ಕರಡಿ ಇದೆ. ಮೈದನಹಳ್ಳಿಯ ಕೃಷ್ಣಮೃಗ 14 ವರ್ಷದಲ್ಲಿ ಎಷ್ಟು ದೂರ ಹಬ್ಬಿರುತ್ತೋ ಯೋಚಿಸಿ.

ಹಗೇವು

ಆಡಿಗೆ ಬೇರೆ ಕೆಲಸ ಇದೆ. ಬಳ್ಳಾರಿ ಜಾಲಿ ಕಾಯನ್ನು ಆಡು ತಿನ್ನುತ್ತೆ, ಬೀಜ ಹಿಕ್ಕೆಯಲ್ಲಿ ಬಿದ್ದು ಚೆನ್ನಾಗಿ ಮೊಳೆಯುತ್ತೆ. ಪ್ಯಾನೆಲ್ಲಿನ ಕೆಳಅಂಚಿನಲ್ಲಿ ನೀರು ತೊಟ್ಟಿಕ್ಕೋ ಗೆರೆಯುದ್ದಕ್ಕೂ ಹುಲ್ಲು ಬೆಳೆಯುತ್ತೆ, ಹುಲ್ಲಿಗೆ ಆಡು ಬರುತ್ತೆ, ಆಡಿನ ಹಿಂದೆ ಜಾಲಿ. ಕಡಿಯದೆ ಬಿಟ್ಟರೆ ನಾಲ್ಕೈದು ವರ್ಷಕ್ಕೆ ಸಾಲು ಮುಚ್ಚಿಹೋಗುತ್ತೆ. ಬೇರು ಸಮೇತ ಕೀಳದೆ ಬುಡದಲ್ಲೇ ಕಡಿದರೆ ಮತ್ತೆ ಚಿಗುರುತ್ತೆ, ಇನ್ನೂ ದಟ್ಟ. ಆಡು ಕಾಯೋರಿಗೂ ಗಾಜು ಕಾಯೋರಿಗೂ ಜಗಳ ಇಲ್ಲೇ ಹುಟ್ಟುತ್ತೆ. ಹೊರಗಿನ ಗುಂಪು ಇಲ್ಲದೆಯೂ ಕಥೆ ನಡೆಯುತ್ತೆ.

ಬಯಲುದಾರಿ

ಹೊರಗಿನ ಗುಂಪನ್ನು ತೆಗೆದೆ. ಆಡಿನ ಜಗಳ ಇಟ್ಟುಕೊಂಡೆ. ಕೊನೆಯ ದೃಶ್ಯ ಈಗ ಮೊದಲ ದೊಡ್ಡ ಮಳೆ: ದೊಡ್ಡವರು ಇನ್ನೂ ಬಂದಿಲ್ಲ, ಮಕ್ಕಳೇ 20 ಪ್ಯಾನೆಲ್ಲಿನ ಸಾಲಿಗೆ ಮಳೆನೀರು ಹಿಡಿಯೋ ದೋಣಿ ಕಟ್ಟಿ ಸಂಪಿಗೆ ನೀರು ಬಿಡಬೇಕು. ಪೈಪ್ ಸೀಳಿ ದೋಣಿ ಮಾಡಿದರೆ ಸಾಕಾ? ಎಲ್ಲಿ ಎಡವಬಹುದು?

ಒರತೆ

20 ಪ್ಯಾನೆಲ್ ಅಂದರೆ 40 ಚದರ ಮೀಟರ್, ಸಾಲು ಸುಮಾರು 20 ಮೀಟರ್ ಉದ್ದ. ಗಂಟೆಗೆ 60 ಮಿ.ಮೀ. ಸುರಿದರೆ ನಿಮಿಷಕ್ಕೆ 40 ಲೀಟರ್. 110 ಮಿ.ಮೀ. ಪೈಪನ್ನು ಉದ್ದಕ್ಕೆ ಸೀಳಿದ ದೋಣಿ ಅದನ್ನು ತಡೆಯುತ್ತೆ, ಇನ್ನೂ ರಭಸ ಬಂದರೆ ಅಂಚು ಮೀರಿ ಚೆಲ್ಲಬಹುದು.

ಮಕ್ಕಳು ಎಡವೋದು ಇಳಿಜಾರಿನಲ್ಲಿ. ಮೀಟರಿಗೆ 1 ಸೆಂ.ಮೀ. ಇಳಿಸಬೇಕು. ಒಂದೇ ತುದಿಗೆ ಇಳಿಸಿದರೆ ಆ ತುದಿಯಲ್ಲಿ ದೋಣಿ ಗಾಜಿಗಿಂತ 20 ಸೆಂ.ಮೀ. ಕೆಳಗೆ ಹೋಗುತ್ತೆ, ಗಾಳಿ ಬಂದರೆ ನೀರು ದೋಣಿ ದಾಟಿ ಬೀಳುತ್ತೆ. ಎರಡೂ ತುದಿಯಿಂದ ಮಧ್ಯಕ್ಕೆ ಇಳಿಸಿ, ನೀರು ಮಧ್ಯದಲ್ಲಿ ತೆಗೆದರೆ 10 ಸೆಂ.ಮೀ. ಸಾಕು. ಮೊದಲ ಒಂದು ಮಿ.ಮೀ. ಮಳೆ, ಅಂದರೆ 40 ಲೀಟರ್, ಹಕ್ಕಿ ಹಿಕ್ಕೆ ಮತ್ತು ಧೂಳು. ಎರಡು ಬಿಂದಿಗೆ ಪಕ್ಕಕ್ಕಿಟ್ಟು ಅದು ತುಂಬಿದ ಮೇಲೆ ಪೈಪನ್ನು ಸಂಪಿನ ಕಡೆ ತಿರುಗಿಸಬೇಕು, ಕತ್ತಲಲ್ಲಿ, ಮಳೆಯಲ್ಲಿ, ಒಬ್ಬರು ಬಿಂದಿಗೆ ಹತ್ತಿರವೇ ನಿಂತು.

ಪೈಪ್ ಎಲ್ಲಿಂದ ಅಂತ ಕೇಳ್ತೀರಿ. ಬಿಸಿಲಲ್ಲಿ ಬಿದ್ದ ಪಿ.ವಿ.ಸಿ. ಸೀಳೋಕೆ ಹೋದರೆ ಪುಡಿಯಾಗುತ್ತೆ. ಹೊಲದ ಬೋರಿನಿಂದ ಹೊರಟ ಹಳೇ ನೀರಾವರಿ ಲೈನ್ ಒಂದೆರಡು ಅಡಿ ಆಳದಲ್ಲಿ ಹೂತಿರುತ್ತೆ, ಅದು ಗಟ್ಟಿ ಇರುತ್ತೆ. ಹೆಚ್ಚಿನವು 63, 75 ಮಿ.ಮೀ., 110 ಸಿಗೋದು ಅಪರೂಪ. ಚಿಕ್ಕದೇ ಸಿಕ್ಕರೆ ಸಾಲನ್ನು ಐದೈದು ಪ್ಯಾನೆಲ್ಲಿಗೆ ಒಡೆದು ನಾಲ್ಕು ಕಡೆ ಇಳಿಸಿಕೊಳ್ಳಲಿ.